ಫೇಸ್ ಬದಲಾಯಿಸಿದ ಮಧ್ಯಾಹ್ನ

ಮನೆಯ ಕರೆಂಟಿನ ಫೇಸ್ ಬದಲಾಯಿಸುವ ಮುಂಚೆ ನಾನು ತಂಗಿಗೆ ಒಂದು ಕೂಗು ಹಾಕಲಿಲ್ಲ. ಆಮೇಲೆ ಅವಳು ಕೇಳಿದಾಗ ನಿಜ ಹೇಳಲಿಲ್ಲ. ಮೊದಲನೆಯದು ಅವಸರದಲ್ಲಿ ಆದದ್ದು. ಎರಡನೆಯದಕ್ಕೆ ಆ ನೆಪವೂ ಇಲ್ಲ.

ಅಜ್ಜಂಪುರದಲ್ಲಿ ನನ್ನದು ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮನೆಗೆ ಅಂಟಿಕೊಂಡ ಶೆಡ್ಡೇ ಅಂಗಡಿ. ತಂಗಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಡಿಪ್ಲೊಮಾ ಮುಗಿಸಿ, ತರೀಕೆರೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳಲು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಅವಳಿಗೆ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಬರೆಯುವ ಕೆಲಸ ಸಿಗುವ ಹಾಗಿತ್ತು. ಮೊದಲು ಒಂದು ಕೆಲಸ ಕೊಡುತ್ತೇವೆ, ಹದಿನೈದು ದಿನದಲ್ಲಿ ಮುಗಿಸಿ ಕಳಿಸು, ನೋಡಿ ಹೇಳುತ್ತೇವೆ ಎಂದಿದ್ದರು ಕಂಪನಿಯವರು. ಅದಕ್ಕೆ ಒಳ್ಳೆಯ ಕಂಪ್ಯೂಟರ್ ಬೇಕು. ಹೊಸದನ್ನು ಕೊಳ್ಳುವುದು ನಮ್ಮ ಕೈಗೆ ಎಟುಕುವಂತಿರಲಿಲ್ಲ.

"ಬಿಡಿ ಸಾಮಾನು ತಂದು ನಾನೇ ಜೋಡಿಸ್ಕೋತೀನಣ್ಣ," ಎಂದಳು.

ಹಳೆಯ ಬೋರ್ಡು, ಪ್ರೊಸೆಸರು ಕಡೂರಿನ ರಿಪೇರಿಯವನ ಹತ್ತಿರ ಸಿಕ್ಕವು. ಸೆಂಟರಿನವರು ಮೂಲೆಗೆ ಹಾಕಿದ್ದ ಮಾನಿಟರನ್ನು ದುಪ್ಪಟಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದವನು ನಾನೇ. ಹೊಸದಾಗಿ ಕೊಂಡದ್ದು ರ‍್ಯಾಮು, ಡಿಸ್ಕು ಅಷ್ಟೇ.

"ಗೇಮ್ ಆಡೋರ ಗ್ರಾಫಿಕ್ಸ್ ಕಾರ್ಡು ನಂಗ್ಯಾಕೆ?" ಎಂದಳು ತಂಗಿ. " ಅದ್ರ ಬದ್ಲು ರ‍್ಯಾಮ್ ಜಾಸ್ತಿ ಹಾಕ್ಕೋತೀನಿ. ಬರ್ದಿದ್ದು ಓಡ್ಸಿ ನೋಡೋಕೆ ಅದೇ ಬೇಕು."

ಒಂದು ಭಾನುವಾರ ನಡುಮನೆಯಲ್ಲಿ ರಟ್ಟು ಹಾಸಿಕೊಂಡು ಜೋಡಿಸಲು ಕೂತಳು. ನಾನು ಟಾರ್ಚ್ ಹಿಡಿದಿದ್ದೆ. ಬೋರ್ಡಿಗೆ ಕೈ ಹಾಕುವ ಮುಂಚೆ ಪ್ರತಿ ಸಲವೂ ಕಂಪ್ಯೂಟರಿನ ಕಬ್ಬಿಣದ ಡಬ್ಬ ಮುಟ್ಟುತ್ತಿದ್ದಳು.

"ಏನೇ ಅದು, ದೇವ್ರಿಗೆ ನಮಸ್ಕಾರ ಮಾಡ್ದಂಗೆ?"

"ಮೈಯಲ್ಲಿರೋ ಕರೆಂಟ್ ಇಳೀಲಿ ಅಂತ. ಮೋಟಾರ್ ರಿಪೇರಿಯೋನಿಗೆ ನಾನ್ ಹೇಳ್ಕೊಡ್ಬೇಕಾ?"

ಪರದೆಯಲ್ಲಿ ಅಕ್ಷರ ಮೂಡಿದಾಗ ಅವಳು ದುಪ್ಪಟಿಯ ತುದಿಯಿಂದ ಮಾನಿಟರಿನ ಧೂಳು ಒರೆಸಿದಳು. ಆಮೇಲೆ, "ಫೇಸ್ ಚೇಂಜ್ ಮಾಡೋ ಮುಂಚೆ ಒಂದ್ ಕೂಗ್ ಹಾಕಣ್ಣ, ಆಫ್ ಮಾಡ್ಕೋತೀನಿ," ಎಂದಳು. ಆಗಲಿ ಎಂದೆ.

ಕಂಬದಿಂದ ಮನೆಗೆ ಬರುವ ಮೂರು ತಂತಿಗಳಲ್ಲಿ, ಅಂದರೆ ಫೇಸುಗಳಲ್ಲಿ, ಒಂದರಲ್ಲಿ ವೋಲ್ಟೇಜ್ ಇಳಿದರೆ ಇನ್ನೊಂದಕ್ಕೆ ಹಾಕಿಕೊಳ್ಳುವುದು ನಮ್ಮ ಕಡೆ ರೂಢಿ. ಅದಕ್ಕೆಂದೇ ಶೆಡ್ಡಿನ ಗೋಡೆಗೆ ನಾನೊಂದು ಸ್ವಿಚ್ ಕೂರಿಸಿದ್ದೆ; ಅದನ್ನು ತಿರುಗಿಸಿದರೆ ಮನೆಯ ಕರೆಂಟೂ ಬದಲಾಗುತ್ತಿತ್ತು. ಮೂರನೆಯ ಫೇಸಿನಲ್ಲಿ ಮಧ್ಯಾಹ್ನದ ಹೊತ್ತು ವೋಲ್ಟೇಜ್ ಮಿತಿ ಮೀರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಕಂಪನಿಯವರು ಅವಳಿಗೆ ಕೊಟ್ಟ ಹದಿನೈದು ದಿನದಲ್ಲಿ ಅದು ಹನ್ನೆರಡನೆಯ ದಿನ, ಮಧ್ಯಾಹ್ನ. ಅವಳು ಸೆಂಟರಿಗೆ ರಜೆ ಹಾಕಿ ಒಳಗೆ ಕಂಪ್ಯೂಟರ್ ಮುಂದೆ ಕೂತಿದ್ದಳು. ಬುಕ್ಕಾಂಬುಧಿಯ ಗಿರಾಕಿಯೊಬ್ಬರು ಮೋಟಾರ್ ಒಯ್ಯಲು ಬಂದಿದ್ದರು. ಓಡಿಸಿ ತೋರಿಸಲು ಹೋದರೆ ಅದು ತಿರುಗದೆ ನರಳಿತು.

"ಏನಪ್ಪಾ, ವೈಂಡಿಂಗ್ ಮಾಡಿದ್ದೀಯೋ, ಬರೀ ಬಣ್ಣ ಬಳ್ದಿದ್ದೀಯೋ?"

"ವೋಲ್ಟೇಜ್ ಇಲ್ಲ ಕಣ್ರೀ, ತಡೀರಿ," ಎಂದವನೇ ಸ್ವಿಚ್ಚನ್ನು ಮೂರನೆಯದಕ್ಕೆ ತಿರುಗಿಸಿದೆ. ಮೋಟಾರ್ ಓಡಿತು. ಒಳಗೆ ಟಪ್ ಎಂದು ಸದ್ದಾಯಿತು. ಜಗುಲಿಯ ಬಲ್ಬೂ ಹೋಯಿತು. ಸ್ವಿಚ್ಚನ್ನು ಮೊದಲಿನಂತೆ ತಿರುಗಿಸಿ, ಬಲ್ಬು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ತಂಗಿ ಬಂದಳು.

"ಅಣ್ಣ, ಫೇಸ್ ಏನಾದ್ರೂ ಚೇಂಜ್ ಮಾಡಿದ್ಯಾ?"

"ಇಲ್ವಲ್ಲ."

"ಕಂಪ್ಯೂಟರ್ ಆಫ್ ಆಗೋಯ್ತು. ಸುಟ್ಟ ವಾಸ್ನೆ ಬತ್ತೈತೆ."

"ಸ್ಕ್ರೂ ಎಲ್ಲೋ ತಪ್ಪು ಹಾಕಿರ್ಬೇಕು ನೀನು. ಬೋರ್ಡು ಕಬ್ಬಿಣಕ್ಕೆ ತಗುಲಿದ್ರೆ ಹಂಗೇ ಆಗೋದು."

ಗಿರಾಕಿ ನನ್ನ ಮುಖ ನೋಡಿ, ಮೋಟಾರ್ ಎತ್ತಿಕೊಂಡು ಹೊರಟರು. ತಂಗಿ ನಂಬಿದಳು. ಕರೆಂಟಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನ ಮಾತಿಗೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಎಲ್ಲ ಬಿಚ್ಚಿ, ಒಂದೊಂದು ಸ್ಕ್ರೂವನ್ನೂ ತಿರುಗಿಸಿ ನೋಡಿದಳು, ಮತ್ತೆ ಜೋಡಿಸಿದಳು, ಮತ್ತೆ ಬಿಚ್ಚಿದಳು. ಕಡೂರಿಗೆ ಒಯ್ದಾಗ ರಿಪೇರಿಯವನು ಬೋರ್ಡೇ ಹೋಗಿದೆ ಎಂದ. ಸೆಂಟರಿನ ಹಳೇ ಕಂಪ್ಯೂಟರುಗಳಲ್ಲಿ ಅವಳ ಕೆಲಸ ಓಡಲಿಲ್ಲ. ಇನ್ನೊಂದು ವಾರ ಕೊಡಿ ಎಂದು ಕಂಪನಿಗೆ ಬರೆದಳು. ಬೇರೆಯವರನ್ನು ತೆಗೆದುಕೊಂಡೆವು ಎಂದು ಉತ್ತರ ಬಂತು. ಮತ್ತೆ ತರೀಕೆರೆ ಬಸ್ಸು.

ಎರಡು ವರ್ಷ ಹೇಳಬೇಕು, ಹೇಳಬೇಕು ಎಂದುಕೊಂಡೇ ಸುಸ್ತಾದೆ. ಸಂಜೆ ಅವಳು ಬಸ್ಸಿಳಿದು ಬರುವಾಗ ಶೆಡ್ಡಿನಲ್ಲಿ ಏನಾದರೂ ಹುಡುಕುವವನಂತೆ ಬಗ್ಗಿಬಿಡುತ್ತಿದ್ದೆ.

ಮೊನ್ನೆ ಪಕ್ಕದ ಮನೆಯಾಕೆ ಬಂದು, ಮಗಳಿಗೆ ಒಂದು ಕಂಪ್ಯೂಟರ್ ಜೋಡಿಸಿಕೊಡು ಎಂದು ತಂಗಿಯನ್ನು ಕೇಳಿದರು.

"ನನ್ ಕೈಲಿ ಬ್ಯಾಡ ಕಣಕ್ಕ. ಒಂದ್ಸಲ ಜೋಡ್ಸಿ ಸುಟ್ಟಿದ್ದೀನಿ. ನಿಮ್ದೂ ಯಾಕೆ ಹಾಳ್ ಮಾಡ್ಲಿ?"

ನಗುತ್ತಲೇ ಹೇಳಿದಳು. ಊಟಕ್ಕೆ ಕೂತಿದ್ದ ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಆಕೆ ಹೋದ ಮೇಲೆ ತಂಗಿ ಅವರೆಕಾಯಿ ಬಿಡಿಸುತ್ತಿದ್ದಳು. ಕೈ ತೊಳೆದು ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತೆ. ಒಂದು ಕಾಯಿ ಎತ್ತಿಕೊಂಡು, ಬಿಡಿಸದೆ ಮತ್ತೆ ಇಟ್ಟೆ.

"ಏನಣ್ಣ?" ಎಂದಳು.

"ಅವತ್ತು ಫೇಸ್ ಬದಲಾಯ್ಸಿದ್ದು ನಾನು ಕಣವ್ವ. ನೀನ್ ಹಾಕಿದ್ ಸ್ಕ್ರೂ ಒಂದೂ ತಪ್ಪಿರ್ಲಿಲ್ಲ. ಗೊತ್ತಿದ್ದೂ ನಿನ್ ಮೇಲೆ ಹಾಕ್ದೆ. ತಪ್ಪಾಯ್ತು."