ನರ್ಸಮ್ಮನ ಹೊಸ ಮಡಕೆ

ನಮ್ಮೂರಿನ ಹೆರಿಗೆ ಕೇಂದ್ರಕ್ಕೆ ಶಿವರತ್ನಮ್ಮ ಬಂದದ್ದು ಅರವತ್ತೆರಡನೇ ಇಸವಿಯಲ್ಲಿ. ಮೈಸೂರು ಪೇಟೆಯಲ್ಲಿ ಹುಟ್ಟಿ, ಅಲ್ಲೇ ತರಬೇತಿ ಪಡೆದವರು. ಮೂಗಿನ ತುದಿಯಲ್ಲೇ ಕೋಪ. ಊರಿಗೆಲ್ಲ ನರ್ಸಮ್ಮ, ಹನೂರು ಬಸ್ಸಿನ ಡ್ರೈವರ್ ಕೂಡ ಅವರನ್ನು ಕಂಡರೆ ಬೀಡಿ ಎಸೆಯುತ್ತಿದ್ದ. ನನಗಂತೂ ಅವರೆಂದರೆ ಈಗಲೂ ಪ್ರಾಣ.

ಬಂದ ಹೊಸದರಲ್ಲೇ ಎಡವಿದರು. ಅಲ್ಲಿ ಮೊದಲು ಹೆತ್ತವಳು ನನ್ನ ಸೋದರತ್ತೆ ಪುಟ್ಟಬಸಮ್ಮ. ಗಂಡು ಮಗು, ತಾಯಿಯೂ ಕ್ಷೇಮ. ನನ್ನಜ್ಜಿ ದೊಡ್ಡಬಸಮ್ಮ ಮೊಮ್ಮಗನನ್ನು ನೋಡಿ ಹಿಗ್ಗಿ, "ಮಾಸು ಎಲ್ಲವ್ವ?" ಎಂದು ಕೇಳಿದಳು. ಮಗುವಿನ ಹಿಂದೆ ಬೀಳುವ ಮಾಸನ್ನು ಹೊಸ ಮಡಕೆಯಲ್ಲಿಟ್ಟು, ಅರಿಶಿನ ಕುಂಕುಮ ಹಾಕಿ ಹಿತ್ತಿಲಲ್ಲಿ ಹೂಳುವುದು ನಮ್ಮ ಮನೆಗಳ ಪದ್ಧತಿ. ನರ್ಸಮ್ಮ ಅದನ್ನು ತಾವು ಕಲಿತಂತೆ ಸುಣ್ಣ ಸುರಿದ ಗುಂಡಿಗೆ ಹಾಕಿಬಿಟ್ಟಿದ್ದರು.

"ನಾಯಿ ನರಿ ಎಳ್ಕಂಡೋದ್ರೆ ಕೂಸಿನ ಗತಿ ಏನವ್ವ?" ಅಜ್ಜಿ ಗೋಳಾಡಿದಳು.

"ಬರೀ ಮೂಢನಂಬಿಕೆ! ಮಗು ಚೆನ್ನಾಗಿದೆಯಲ್ಲ, ಕರ್ಕೊಂಡು ಹೋಗಿ," ಎಂದು ನರ್ಸಮ್ಮ ರೇಗಿದರು.

ಅಷ್ಟೇ. ಆಮೇಲೆ ಒಬ್ಬಳೂ ಆ ಕಡೆ ತಲೆ ಹಾಕಲಿಲ್ಲ. ಜಗಲಿಯಲ್ಲಿ ಮೇಕೆಗಳು ಮಲಗಿದವು. ಮರುವರ್ಷ ಒಬ್ಬ ಬಸುರಿ ಮನೆಯಲ್ಲೇ ಹೆತ್ತು, ರಕ್ತ ನಿಲ್ಲದೆ ತೀರಿಕೊಂಡಳು. ಯುಗಾದಿಯೊಳಗೆ ಯಾರೂ ಬರದಿದ್ದರೆ ಕೇಂದ್ರವನ್ನೇ ಕೊಳ್ಳೇಗಾಲಕ್ಕೆ ಸಾಗಿಸುತ್ತೇವೆ ಎಂದು ಮೇಲಿನವರು ಹೇಳಿಕಳಿಸಿದರು. ಆಗ ನನ್ನವ್ವ ತುಂಬು ಬಸುರಿ.

ನರ್ಸಮ್ಮ ನಮ್ಮ ಮನೆಗೆ ಬಂದರು. ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ. ನರ್ಸಮ್ಮ ಹೊಸ್ತಿಲಾಚೆಯೇ ಕುಕ್ಕರುಗಾಲಲ್ಲಿ ಕೂತು, "ತಪ್ಪಾಯ್ತು ಕಣ್ರವ್ವ. ಆ ಹೆಣ್ಣು ನನ್ನ ಬಾಯಿಗೆ ಹೆದರಿ ಬರ್ಲಿಲ್ಲ. ನಿಮ್ಮ ಪದ್ಧತಿ ಏನು, ಹೇಳ್ಕೊಡಿ," ಅಂದರು. ಅಷ್ಟು ಬಿಗುಮಾನದ ಹೆಂಗಸು ಆ ಮಾತನ್ನು ಹೇಗೆ ಆಡಿದರೋ!

ಅಜ್ಜಿ ಸೊಪ್ಪು ಹಾಕಿ ಮುಗಿಸಿದಳು. "ಮಡಕೇಲಿ ಬಿರುಕು ಇರ್ಬಾರ್ದು," ಎಂದಷ್ಟೇ ಹೇಳಿದಳು.

ಯುಗಾದಿ ಹತ್ತಿರವಿರುವಾಗ ಅವ್ವನಿಗೆ ನೋವು ಬಂತು. ಹೊಟ್ಟೆಯಲ್ಲಿ ನಾನು ಕಾಲು ಮುಂದು ಮಾಡಿ ಕೂತಿದ್ದೆನಂತೆ. ನನ್ನ ಮೊಂಡುತನ ಅಷ್ಟು ಹಳೆಯದು. ಅಜ್ಜಿ ಗಾಡಿ ಕಟ್ಟಿಸಿ, ಮಡಿಲಲ್ಲಿ ಹೊಸ ಮಡಕೆ ಇಟ್ಟುಕೊಂಡು ಕೇಂದ್ರಕ್ಕೆ ಬಂದಳು. ಅಲ್ಲಿ ಮಂಚದ ಪಕ್ಕದಲ್ಲಿ ನರ್ಸಮ್ಮ ಅಂಥದೇ ಮಡಕೆಯೊಂದನ್ನು ಆಗಲೇ ತೊಳೆದು ಇಟ್ಟಿದ್ದರು. ನಾನೂ ಅವ್ವನೂ ಉಳಿದೆವು. ಆಮೇಲೆ ಆ ಮಂಚ ಖಾಲಿ ಬಿದ್ದದ್ದು ಕಡಿಮೆ.

ಎಪ್ಪತ್ತೊಂದರಲ್ಲಿ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದರು. ಬೇರೆ ಕಡೆ ಜನ ಬಾರದಿರುವಾಗ ಈ ಕೇಂದ್ರ ಹೇಗೆ ನಡೆಯುತ್ತಿದೆ ಎಂದು ತಿಳಿಯುವುದು ಅವರ ಕೆಲಸ. ಒಳ್ಳೆಯ ಮನುಷ್ಯ. ಮಡಕೆಯ ಕಥೆಯನ್ನು ಮನಸ್ಸಿಟ್ಟು ಕೇಳಿ, "ಹಾಗಾದರೆ ಎಲ್ಲ ಕಡೆಗೂ ಮಡಕೆ ಕಳಿಸೋಣವೇ?" ಎಂದರು.

"ಬೇಡ ಸಾರ್," ಎಂದರು ನರ್ಸಮ್ಮ. " ಬೆಟ್ಟದೋರ ಪದ್ಧತಿ ಬೇರೇನೇ ಇರಬಹುದು. ಮೊದಲು ಹೋಗಿ ಕೇಳ್ಬೇಕು."

"ನೀವೇ ಕೇಳಿ," ಎಂದ ಪುಣ್ಯಾತ್ಮ ನರ್ಸಮ್ಮನನ್ನೇ ಬಿಳಿಗಿರಿರಂಗನ ಬೆಟ್ಟದ ಕಡೆಗೆ ವರ್ಗ ಮಾಡಿಸಿಬಿಟ್ಟರು!

ಅಜ್ಜಿ ಅಧಿಕಾರಿಗೆ ಹಿಡಿಶಾಪ ಹಾಕುತ್ತಲೇ ಬಸ್ಸಿನವರೆಗೆ ಬಂದಳು. ಕೈಯಲ್ಲಿ ಹೊಸ ಮಡಕೆ.

"ತಕಂಡೋಗವ್ವ. ಅಲ್ಲಿನೋರು ಬ್ಯಾಡ ಅಂದ್ರೆ ನೀನೇ ನೀರು ತುಂಬ್ಕಂಡು ಕುಡಿ."

ನರ್ಸಮ್ಮ ಮಡಕೆಯನ್ನು ಎದೆಗವಚಿಕೊಂಡು, ಡ್ರೈವರ್ ನೋಡುತ್ತಿದ್ದಾನೆಂದೂ ಲೆಕ್ಕಿಸದೆ, ಬಸ್ಸಿನ ಮೆಟ್ಟಿಲ ಮೇಲೆ ಕೂತು ಅತ್ತರು.