ಮೊದಲ ಪಾಳಿಗೆ ಮುಂಚಿನ ಹಾರ್ಮೋನಿಯಂ

ಕನ್ನಡ ನಾಡು ಒಂದಾದ ಮರುವರ್ಷ ನಾನು ಗುತ್ತೂರಿನಿಂದ ಮದುವೆಯಾಗಿ ದಾವಣಗೆರೆಗೆ ಬಂದೆ. ನಮ್ಮನೆಯವರು ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದರು. ಮಿಲ್ಲಿನ ಹಿಂದಿನ ಓಣಿಯಲ್ಲಿ ತಗಡು ಹೊದಿಸಿದ ಒಂದೇ ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ. ಬಂದ ಮರುದಿನ ನಸುಕಿನಲ್ಲಿ ಎಚ್ಚರವಾದಾಗ ಅವರು ಗೋಡೆಗೆ ಮುಖ ಮಾಡಿ ಕೂತು ಹಾರ್ಮೋನಿಯಂ ನುಡಿಸುತ್ತಿದ್ದರು. ಹಾಡಲ್ಲ, ಬರೀ ಸರಿಗಮ. ಏರುವುದು, ಇಳಿಯುವುದು, ಮತ್ತೆ ಏರುವುದು. ಮಿಲ್ಲಿನ ಸೈರನ್ ಕೂಗಿದ ಕೂಡಲೇ ಪೆಟ್ಟಿಗೆ ಮುಚ್ಚಿ, ಬುತ್ತಿ ಹಿಡಿದು ಮೊದಲ ಪಾಳಿಗೆ ಹೊರಟುಬಿಟ್ಟರು.

ಹಬ್ಬವಿರಲಿ, ಜ್ವರವಿರಲಿ, ಅದು ತಪ್ಪುತ್ತಿರಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ.

"ದಿನಾ ಅದೇ ಸರಿಗಮ ಬಾರಿಸ್ತೀರಲ್ಲ, ಬ್ಯಾಸ್ರ ಆಗಲ್ಲೇನ್ರಿ?"

"ನೀ ದಿನಾ ರೊಟ್ಟಿ ಬಡೀತೀಯಲ್ಲ, ನಿನ್ನೆ ಬಡ್ದಿದ್ದೆ ಅಂತ ಇವತ್ತು ಬಿಡ್ತೀಯೇನು?" ಎಂದು ನಕ್ಕರು.

ಆ ಪೆಟ್ಟಿಗೆ ಅವರ ಗುರುಗಳದು. ಊರಲ್ಲಿ ಮೊಕ್ಕಾಂ ಮಾಡಿದ್ದ ನಾಟಕ ಕಂಪನಿಯೊಂದು ಒಡೆದುಹೋದಾಗ ಅದರ ಹಾರ್ಮೋನಿಯಂ ಮಾಸ್ತರು ಇಲ್ಲೇ ಉಳಿದುಬಿಟ್ಟಿದ್ದರಂತೆ. ಮಗ್ಗದ ಹುಡುಗನ ಬೆರಳು ನೋಡಿ ಕಲಿಸಿದರು. ಮುಪ್ಪಿನಲ್ಲಿ ತಮ್ಮೂರಿಗೆ ಹೊರಡುವಾಗ ಪೆಟ್ಟಿಗೆಯನ್ನೇ ಕೊಟ್ಟುಹೋದರು. ಅಂದಿನಿಂದ ಇವರಿಗೆ ಒಂದೇ ಆಸೆ. "ನಾಂದಿಯಿಂದ ಮಂಗಳದ ತನಕ ಒಂದು ನಾಟಕಕ್ಕೆ ನಾನು ಕೂಡಬೇಕು ನೋಡು. ಒಂದೇ ಒಂದು, ಸಾಕು," ಎನ್ನುತ್ತಿದ್ದರು.

ಅವರ ಕಿವಿ ಯಾವಾಗ ಮಂದವಾಗತೊಡಗಿತೋ ನನಗೆ ತಿಳಿಯಲಿಲ್ಲ. ಮಗ್ಗದ ಮನೆಯ ಅಬ್ಬರದಲ್ಲಿ ಪಕ್ಕದವನ ಮಾತೂ ಕೇಳುವುದಿಲ್ಲ; ಅಲ್ಲಿಯವರೆಲ್ಲ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಇವರೂ ಹಾಗೆ ನನ್ನ ತುಟಿ ನೋಡಿಕೊಂಡು ಉತ್ತರ ಹೇಳುತ್ತಿದ್ದರು. ನನ್ನ ಮೇಲಿನ ಪ್ರೀತಿಗೆ ಹಾಗೆ ಮುಖ ನೋಡುತ್ತಾರೆಂದು ಹೊಸದರಲ್ಲಿ ನಾನು ನಾಚಿದ್ದುಂಟು.

ಮಗಳು ಹುಟ್ಟಿದ ಮೇಲೆ ಒಂದು ದಿನ ನಾನು ನೀರಿಗೆ ಹೋಗಿದ್ದೆ. ಓಣಿಯ ತುದಿಗೇ ಮಗುವಿನ ಅಳು ಕೇಳಿಸಿತು. ಓಡಿ ಬಂದು ನೋಡಿದರೆ ತೊಟ್ಟಿಲಲ್ಲಿ ಕೂಸು ಅತ್ತು ಅತ್ತು ಕೆಂಪಾಗಿದೆ. ತೊಟ್ಟಿಲಿಗೆ ಬೆನ್ನು ಹಾಕಿ ಇವರು ಅಂಗಿಗೆ ಗುಂಡಿ ಹಚ್ಚುತ್ತಾ ನೆಮ್ಮದಿಯಾಗಿ ಕೂತಿದ್ದಾರೆ. ಕೊಡ ಕೆಳಗಿಟ್ಟು ಕೂಸನ್ನು ಎತ್ತಿಕೊಂಡೆ.

ಆಸ್ಪತ್ರೆಯ ಡಾಕ್ಟರು ನನ್ನ ಕಡೆ ತಿರುಗಿ ಹೇಳಿದರು: "ಮಗ್ಗದ ಸದ್ದಿಗೆ ಕಿವಿ ನರ ಸತ್ತಾವಮ್ಮ. ಹೋಗಿದ್ದು ಬರಲ್ಲ. ಇರೋದು ಉಳೀಬೇಕಂದ್ರೆ ಆ ಕೆಲ್ಸ ಬಿಡಿಸ್ರಿ."

ಬಿಟ್ಟರೆ ಉಣ್ಣುವುದೇನು? ಬೇರೆ ಖಾತೆಗೆ ಹಾಕಿ ಎಂದು ಇವರು ಮೇಸ್ತ್ರಿಯನ್ನು ಕೇಳಿದರು. "ಮಗ್ಗದ ಮುಂದೆ ನಿಂತೋರಿಗೆಲ್ಲ ಕಿವಿ ಮಂದ ಆಗ್ತೈತೆ. ನಿಂಗೊಬ್ಬಂಗೆ ಬ್ಯಾರೆ ಕೆಲ್ಸ ಕೊಟ್ರೆ ಹೆಂಗೆ?" ಎಂದನಂತೆ ಅವನು. ಇವರು ಮತ್ತೆ ಕೇಳಲಿಲ್ಲ. ಬೆಳಗಿನ ಸರಿಗಮವನ್ನಷ್ಟೇ ಇನ್ನೂ ಬೇಗ ಶುರು ಮಾಡಿದರು, ಕಿವಿಯನ್ನು ಪೆಟ್ಟಿಗೆಗೆ ಹತ್ತಿರ ಬಾಗಿಸಿ.

ಹರಿಹರದ ಕಾರ್ಖಾನೆಯಲ್ಲಿದ್ದ ನನ್ನಣ್ಣ ಗೆಳೆಯರನ್ನು ಕೂಡಿಸಿ ಒಂದು ನಾಟಕ ಎತ್ತಿಕೊಂಡ. ಹಾರ್ಮೋನಿಯಂಗೆ ಇವರನ್ನೇ ಕರೆದ. ಆ ವಾರವೆಲ್ಲ ಇವರು ಸಣ್ಣ ಹುಡುಗನ ಹಾಗೆ ಓಡಾಡಿದರು. ಭಾನುವಾರ ಮೂವರೂ ರೈಲು ಹತ್ತಿ ತಾಲೀಮಿಗೆ ಹೋದೆವು. ಹೊಳೆಯ ಕಡೆಗಿದ್ದ ಶಾಲೆಯ ಪಡಸಾಲೆ; ಒಂದು ಮೂಲೆಯಲ್ಲಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಾನು ಕೂತೆ.

ಮೊದಲ ಹಾಡು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಹಾಡುವವನು ಉಮೇದಿಗೆ ಶ್ರುತಿ ಏರಿಸಿದ. ಇವರು ಹಳೆಯ ಶ್ರುತಿಯಲ್ಲೇ ಮುಂದುವರಿದರು. ಅವನು ಹಾಡು ನಿಲ್ಲಿಸಿದ. ತಬಲಾದವನು ಕೈ ತೆಗೆದ. ಇವರೊಬ್ಬರೇ ಕಣ್ಣು ಮುಚ್ಚಿ, ತಲೆದೂಗುತ್ತಾ ಬಾರಿಸುತ್ತಲೇ ಇದ್ದರು. ಯಾರೋ ಹುಡುಗ ಕಿಸಕ್ಕನೆ ನಕ್ಕ. ಕಣ್ಣು ತೆರೆದಾಗ ಎಲ್ಲರೂ ಅವರನ್ನೇ ನೋಡುತ್ತಿದ್ದರು.

"ಯಾಕ ನಿಲ್ಸಿದ್ರಿ?" ಎಂದರು.

ಅಣ್ಣ ಬಂದು ಭುಜದ ಮೇಲೆ ಕೈ ಇಟ್ಟ. ಇವರು ತಿದಿ ಒತ್ತಿ ಗಾಳಿ ಬಿಟ್ಟು, ಪೆಟ್ಟಿಗೆಗೆ ಬಟ್ಟೆ ಸುತ್ತಿದರು. "ಬ್ಯಾರೆಯವ್ರನ್ನ ಕರಸ್ರಿ. ನನ್ನಿಂದ ನಾಟಕ ಕೆಡೋದು ಬ್ಯಾಡ," ಎಂದರು. ಕಿವಿ ಕೇಳದವರಿಗೆ ತಮ್ಮ ದನಿಯ ಹದ ತಿಳಿಯುವುದಿಲ್ಲ; ಆ ಮಾತು ಪಡಸಾಲೆಯ ತುಂಬ ಕೇಳಿತು. ರೈಲಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕೂತವರು ದಾವಣಗೆರೆ ಬರುವ ತನಕ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ತಾನೇ ನನ್ನ ಮಾತು ಅವರಿಗೆ ತಿಳಿಯುವುದು?

ಮರುದಿನ ನಸುಕಿನಲ್ಲಿ ಮತ್ತೆ ಸರಿಗಮ ಶುರುವಾಯಿತು. ಹಾಸಿಗೆಯಲ್ಲಿ ಬಿದ್ದುಕೊಂಡು ಕೇಳುತ್ತಿದ್ದ ನನಗೆ ಆಗ ಹೊಳೆದದ್ದನ್ನೇ ಜೀವನದುದ್ದಕ್ಕೂ ನೆನೆದಿದ್ದೇನೆ. ದಿನಾ ಬಿಡದೆ ಮಾಡಿದರೆ ಗುರಿ ಮುಟ್ಟುತ್ತೇವೆ ಎನ್ನುತ್ತಾರೆ. ನಮ್ಮನೆಯವರು ಬಿಟ್ಟವರೇ ಅಲ್ಲ. ಆದರೆ ಹಾರ್ಮೋನಿಯಂ ಮುಂದೆ ದಿನಕ್ಕೆ ಅರೆಗಳಿಗೆ ಕೂತರೆ ಮಗ್ಗದ ಮುಂದೆ ಇಡೀ ಪಾಳಿ ನಿಲ್ಲುತ್ತಿದ್ದರು. ಅದೂ ದಿನಾ ಬಿಡದೆ ಮಾಡಿದ ಕೆಲಸವೇ. ಅನ್ನ ಕೊಡುವ ದಿನಚರಿ ಆಸೆಯ ಬೇರನ್ನೇ ತಿನ್ನುತ್ತಿರುವಾಗ ಬರೀ ಸಾಧನೆ ಹೆಚ್ಚಿಸಿದರೆ ಸಾಲದು. ಆ ದಿನಚರಿಯ ವಿರುದ್ಧವೂ ಅಷ್ಟೇ ಹಟ ಹಿಡಿಯಬೇಕಿತ್ತು. ಅವರಿಗೆ ಬೇಡುವುದು ಬರುತ್ತಿರಲಿಲ್ಲ. ನನಗೆ ಹೊಳೆಯಲು ತಡವಾಯಿತು.

ಅವತ್ತಿನಿಂದ ಅಡಿಗೆ ಮುಗಿಸಿ, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಮಿಲ್ಲಿನ ಆಫೀಸಿನ ಮುಂದೆ ಹೋಗಿ ನಿಲ್ಲತೊಡಗಿದೆ. "ಸಾಹೇಬ್ರು ಇಲ್ಲಮ್ಮ, ನಾಳೆ ಬರ್ರಿ," ಎನ್ನುತ್ತಿದ್ದ ಗುಮಾಸ್ತ. ನಾಳೆಯೂ ಹೋಗುತ್ತಿದ್ದೆ, ಅದರಾಚೆಯ ನಾಳೆಯೂ. ಮಗಳು ನಡೆಯಲು ಕಲಿತದ್ದೇ ಆ ಆಫೀಸಿನ ಜಗುಲಿಯಲ್ಲಿ. ಕೊನೆಗೆ ಸಾಹೇಬರೇ ಹೊರಗೆ ಬಂದರು. "ಈ ಹೆಂಗಸು ಇನ್ನೂ ಬರ್ತಾಳೇನ್ರಿ? ಏನಂತೆ ಅದು?" ಎಂದು ಗುಮಾಸ್ತನನ್ನು ಗದರಿಸಿ ಕೇಳಿದರು. ನಾನು ಎಲ್ಲ ಹೇಳಿದೆ.

ಮುಂದಿನ ತಿಂಗಳು ಇವರನ್ನು ಗೋದಾಮಿಗೆ ಹಾಕಿದರು. ಬಟ್ಟೆಯ ಬೇಲು ಹೊಂದಿಸಿ ಇಡುವ ಕೆಲಸ.

ಮೊದಲ ದಿನ ಅವರು ಬರುವುದನ್ನೇ ಕಾಯುತ್ತಾ ಬಾಗಿಲಲ್ಲಿ ನಿಂತಿದ್ದೆ. ಮುಖ ಕಾಣುವ ಹಾಗೆ ಎದುರಿಗೆ ಹೋಗಿ, ತುಟಿ ಬಿಡಿಸಿ ಬಿಡಿಸಿ ಕೇಳಿದೆ, "ಹೆಂಗೈತ್ರಿ ಗೋದಾಮು?"

ಅವರು ಚಪ್ಪಲಿ ಬಿಟ್ಟು, ಮಗಳನ್ನು ಎತ್ತಿಕೊಂಡರು.

"ಅಲ್ಲಿ ಸದ್ದೇ ಇಲ್ಲಂತೆ," ಎಂದರು. "ಜೊತೆಗಿರೋರು ಹೇಳಿದ್ರು."