ನಿನ್ನೆಯ ಚೂರು

ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ ಗಾಳಿ ನಮ್ಮ ಚಾಕಲೇಟು ಕಾರ್ಖಾನೆಯ ಕಡೆಯಿಂದ ಬೀಸಿದರೆ ಒಣಹಾಕಿದ ಬಟ್ಟೆಗೂ ಕೋಕೋ ವಾಸನೆ ಹತ್ತುತ್ತಿತ್ತು. ಎಲ್ಸಿ ಹಾರ್ಡ್‌ಕ್ಯಾಸಲ್ ಆ ವಾಸನೆಯಲ್ಲೇ ಹುಟ್ಟಿ ಬೆಳೆದವಳು. ಶಾಲೆ ಬಿಟ್ಟವಳೇ ಕೆಲಸಕ್ಕೆ ಸೇರಿ ನನ್ನ ಪಕ್ಕ ನಿಂತಳು. ಕೈ ಕೆಲಸದಲ್ಲಿ, ಕಣ್ಣು ಮಾತ್ರ ಎಲ್ಲೋ.

ಒಮ್ಮೆ ಚಹಾ ಕುಡಿಯುವಾಗ ಅಂದಳು: "ಮೇಬಲ್, ನಮ್ಮಪ್ಪ ರೈಲು ಡಬ್ಬಿ ಕಟ್ಟೋಕೆ ಹೋಗ್ತಾನಲ್ಲ, ಜೇಬಲ್ಲಿಟ್ಕೊಂಡು ಹೋಗಿ ಮುರ್ಕೊಂಡು ತಿನ್ನೋ ಅಂಥ ಚಾಕಲೇಟೊಂದು ಮಾಡಬಾರದೇನೇ?"

ನಾವು ನಕ್ಕೆವು. ಮೇಲ್ವಿಚಾರಕಿ ಮಿಸ್ ಪಿಕರ್ಸ್‌ಗಿಲ್ ಮಾತ್ರ ಅದನ್ನು ಮೇಲಿನವರ ಕಿವಿಗೆ ಹಾಕಿದಳು. ವರ್ಷ ತಿರುಗುವಷ್ಟರಲ್ಲಿ ಅಂಥದೇ ಚಾಕಲೇಟು ಬಾರು ಹೊರಬಂತು: ಗರಿಗರಿ ವೇಫರ್ ಬಿಸ್ಕತ್ತಿನ ಪದರಗಳು, ನಡುವೆ ತೆಳು ಹೂರಣ, ಮೇಲೆ ಹಾಲಿನ ಚಾಕಲೇಟು. ಎಲ್ಸಿಯ ಹೆಸರನ್ನು ಯಾರೂ ಎತ್ತಲಿಲ್ಲ. ನನಗೆ ಮೈ ಉರಿಯಿತು. ಅವಳು ಹಾಡಿಕೊಳ್ಳುತ್ತಲೇ ಇದ್ದಳು.

ಆ ಹೂರಣ ಬರುತ್ತಿದ್ದದ್ದು ಮುರಿದ ಬಾರುಗಳಿಂದ. ಅವನ್ನೆಲ್ಲ ಒಂದು ತೊಟ್ಟಿಗೆ ಸುರಿದು, ಅರೆದು, ಸಕ್ಕರೆ, ಕೋಕೋ ಬೆರೆಸಿ ಮರುದಿನದ ವೇಫರಿಗೆ ಸವರುತ್ತಿದ್ದೆವು. ಹಾಗೆ ಮಾಡಿದ ಬಾರುಗಳಲ್ಲೂ ಕೆಲವು ಮುರಿದು ಮತ್ತೆ ತೊಟ್ಟಿಗೆ ಬರುತ್ತಿದ್ದವು, ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕಿದ ಹಾಗೆ.

"ಮೊಟ್ಟಮೊದಲ ದಿನದ ಚೂರು ಇನ್ನೂ ಇದರೊಳಗೇ ಸುತ್ತುತಾ ಇರುತ್ತೆ ಅಲ್ವೇನೇ?" ಎನ್ನುತ್ತ ಎಲ್ಸಿ ತೊಟ್ಟಿಯ ಮುಂದೆ ಮೈಮರೆತು ನಿಲ್ಲುತ್ತಿದ್ದಳು.

ಆಮೇಲೆ ವಿಲ್ಫ್ ಎಂಬ ಹುಡುಗ ಅವಳನ್ನು ಮದುವೆಗೆ ಕೇಳಿದ. ಅವನೆಂದರೆ ಅವಳಿಗೆ ಪ್ರಾಣ. ಈ ಕೆಲಸವೆಂದರೂ ಅಷ್ಟೇ. ಆದರೆ ಮದುವೆಯಾದ ಹೆಂಗಸಿಗೆ ನಮ್ಮ ಕಾರ್ಖಾನೆಯಲ್ಲಿ ಜಾಗವಿರಲಿಲ್ಲ. ಎಂಥ ಹಾಳು ನಿಯಮವೋ! "ನಾನಿಲ್ಲಿ ಇದ್ದೆ ಅನ್ನೋದೇ ಯಾರಿಗೂ ಗೊತ್ತಾಗಲ್ಲ ಕಣೇ" ಎಂದು ಅವಳು ಅತ್ತದ್ದು ಅದೊಂದೇ ಸಲ.

ಕೊನೆಯ ದಿನ, ಮದುವೆಗೆಂದು ಕೆಲಸ ಬಿಡುವವರಿಗೆ ಮಾಡುವ ವಾಡಿಕೆಯಂತೆ ಅವಳ ಟೋಪಿಗೆ ಕಾಗದದ ಹೂ ಚುಚ್ಚಿ, ಕೈಗಾಡಿಯಲ್ಲಿ ಕೂರಿಸಿ ಮೆರವಣಿಗೆ ಹೊರಟೆವು. ತೊಟ್ಟಿಯ ಬಳಿ "ನಿಲ್ಲಿಸ್ರೇ" ಎಂದಳು. ಸಿದ್ಧವಾಗಿ ಬರುತ್ತಿದ್ದ ಸಾಲಿನಿಂದ ಒಂದು ಬಾರು ಎತ್ತಿ, ಉಗುರಿನಿಂದ ತನ್ನ ಹೆಸರು ಗೀಚಿ, ಪಟಕ್ಕನೆ ಮುರಿದು ಒಳಗೆ ಹಾಕಿದಳು.

"ಚೆನ್ನಾಗಿರೋದನ್ನ ಹಾಳು ಮಾಡಿದೆಯಲ್ಲೇ!" ಮಿಸ್ ಪಿಕರ್ಸ್‌ಗಿಲ್ ಗದರಿದಳು.

"ಹೋಗು ಅಂದ್ರಿ, ಹೋಗ್ತಿದೀನಿ ಮೇಡಂ. ಪೂರ್ತಿ ಹೋಗು ಅಂತ ಹೇಳಿಲ್ವಲ್ಲ?"

ಮದುವೆಯಾಗದೆ ಅಲ್ಲೇ ತಲೆ ನರೆತಿದ್ದ ಆ ಹೆಂಗಸು ತೊಟ್ಟಿಯ ಬಳಿ ಬಂದು ತೋಳು ಮೇಲೇರಿಸಿದಳು. ಆಮೇಲೆ ತಾನೇ ಕೈಹಾಕಿ, ಯಾರೂ ಹೆಕ್ಕಬಾರದೆಂದು ಆ ಚೂರುಗಳನ್ನು ಕೆಳಗೆ ಒತ್ತಿದಳು.

ಮದುವೆಯಾಗಿ ಹೊರಡುವ ನನ್ನ ಸರದಿ ಬಂದಾಗ ನಾನೂ ಒಂದು ಮುರಿದೆ. ನಂತರದವರೂ ಮುರಿದರಂತೆ. ಬಾರಿಗೆ ಸುತ್ತುವ ಕಾಗದದ ಮೇಲೆ ಇವತ್ತಿಗೂ ಇರುವುದು ಮಾಲೀಕರ ಹೆಸರೇ. ಇರಲಿ ಬಿಡಿ. ಒಳಗೆ ಹೂರಣದಲ್ಲಿ ನಾವಿದ್ದೇವೆ.